ಓಣಿಗೆಲ್ಲ ಗೊತ್ತಿದ್ದ ಪಾಸ್‌ವರ್ಡ್

ನಮ್ಮ ಓಣಿಯಲ್ಲಿ ಯಾರ ಮನೆಯ ವೈಫೈ ಪಾಸ್‌ವರ್ಡನ್ನೂ ಕೇಳಬೇಕಾಗಿರಲಿಲ್ಲ. ಮನೆ ಯಜಮಾನರ ಮೊಬೈಲ್ ನಂಬರ್ ಗೊತ್ತಿದ್ದರೆ ಸಾಕು. ಫೈಬರ್ ಎಳೆಯಲು ಬರುವ ಹುಡುಗರು ಹಾಗೇ ಇಟ್ಟು ಹೋಗುತ್ತಾರೆ. ಯಜಮಾನರ ಹೆಸರೇ ವೈಫೈ ಹೆಸರು, ಅವರ ನಂಬರೇ ಪಾಸ್‌ವರ್ಡ್. ಅವರದೂ ಒಂದು ಲೆಕ್ಕ ಇದೆ. ಬೇರೆ ಏನಾದರೂ ಇಟ್ಟರೆ ಜನ ನಾಲ್ಕು ದಿನಕ್ಕೆ ಮರೆತು ಮತ್ತೆ ಅವರಿಗೇ ಫೋನ್ ಮಾಡುತ್ತಾರೆ.

ನಮ್ಮ ಮನೆಯದು ಇನ್ನೂ ಚೆನ್ನ. ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮದು ಮೇಲೆ ಮನೆ, ಕೆಳಗೆ ಜೀನ್ಸ್ ಹೊಲಿಯುವ ಸಣ್ಣ ಯುನಿಟ್. ಮುಂದಿನ ಬೋರ್ಡಿನಲ್ಲಿ ಮಾವನವರ ಹೆಸರು, ಅದರ ಕೆಳಗೆ ಅವರ ಮೊಬೈಲ್ ನಂಬರ್. ಹಳದಿ ಪೇಂಟು, ದಪ್ಪ ಅಕ್ಷರ. ರಸ್ತೆಯ ಆ ಕಡೆ ನಿಂತವರಿಗೂ ಓದಲು ಬರುತ್ತದೆ. ಅಂದರೆ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ದುಡ್ಡು ಕೊಟ್ಟು ಬೋರ್ಡಿಗೆ ಬರೆಸಿದ್ದೆವು.

ಇದರಿಂದ ತೊಂದರೆ ಇದೆ ಅಂತ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ನೆಟ್ ಅನ್‌ಲಿಮಿಟೆಡ್. ಪಕ್ಕದವರು ನಾಲ್ಕು ವಿಡಿಯೋ ನೋಡಿದರೆ ನಮ್ಮ ಗಂಟೇನು ಹೋಗುತ್ತೆ, ಅಲ್ವಾ? ಕೆಳಗೆ ಹೊಲಿಯುವವರು ಊಟದ ಹೊತ್ತಿನಲ್ಲಿ ಫೋನ್ ನೋಡುತ್ತಾರೆ. ಪಕ್ಕದ ಮನೆ ಅಜ್ಜಿ ಸಂಜೆ ನಮ್ಮ ಕಟ್ಟೆಗೆ ಬಂದು ಕೂತು ಬೆಂಗಳೂರಿನ ಮಗನ ಜೊತೆ ವಿಡಿಯೋ ಕಾಲ್ ಮಾಡುತ್ತಾರೆ. ಇದಕ್ಕೆಲ್ಲ ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತೆ?

ನಾನು ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ನಮ್ಮ ಯುನಿಟ್ಟಿನದು, ಜೊತೆಗೆ ಆಚೀಚೆಯ ಕೆಲವು ಹೊಲಿಗೆ ಯುನಿಟ್, ವಾಷಿಂಗ್ ಯುನಿಟ್‌ಗಳದು. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅನ್ನೋ ಜಿಎಸ್‌ಟಿ ರಿಟರ್ನ್‌ಗಳು, ನಡುವೆ ಮಾಲು ಹೊರಟಾಗೆಲ್ಲ ಇ-ವೇ ಬಿಲ್. ಇಷ್ಟೂ ಜನರ ಪ್ಯಾನ್ ಕಾರ್ಡ್, ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ನನ್ನ ಕಂಪ್ಯೂಟರಿನಲ್ಲಿವೆ. ಕೆಳಗಿನ ಬಿಲ್ಲಿಂಗ್ ಕಂಪ್ಯೂಟರಿಗೂ ಸಿಗಲಿ ಅಂತ ಒಂದು ಫೋಲ್ಡರನ್ನು ಶೇರ್ ಮಾಡಿದ್ದೆವು.

ಒಂದು ಸಂಜೆ ರಿಟರ್ನ್ ತುಂಬುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಪ್ರಿಂಟರ್ ತಾನಾಗಿಯೇ ಗರಗರ ಅಂತು. ನಾನು ಏನೂ ಪ್ರಿಂಟಿಗೆ ಕೊಟ್ಟಿರಲಿಲ್ಲ. ಹೊರಗೆ ಬಂದ ಹಾಳೆ ನೋಡಿದರೆ ಸಿಇಟಿ ಹಾಲ್ ಟಿಕೆಟ್! ಯಾರೋ ಹುಡುಗನ ಫೋಟೋ, ಹುಟ್ಟಿದ ತಾರೀಕು, ಸಹಿ ಎಲ್ಲ ಇದೆ. ಇನ್ನೊಂದು ಹಾಳೆ ಬರುತ್ತಿದ್ದಂತೆ ಕೆಳಗಿಂದ ದನಿ ಕೇಳಿಸಿತು.

“ಅಕ್ಕಾ, ನಂದು ಹಾಲ್ ಟಿಕೆಟ್ ನಿಮ್ಮ ಪ್ರಿಂಟರಿಗೆ ಬಂದೈತಾ?”

ಎರಡು ಮನೆ ಆಚೆಯ ಹುಡುಗ. ಫೋನಿನಲ್ಲಿ ಪ್ರಿಂಟ್ ಒತ್ತಿದಾಗ ನನ್ನ ಪ್ರಿಂಟರ್ ಹೆಸರು ಕಂಡಿತಂತೆ, ಜೆರಾಕ್ಸ್ ಅಂಗಡಿಗೆ ಯಾಕೆ ಹೋಗಬೇಕು ಅಂತ ಒತ್ತಿಬಿಟ್ಟನಂತೆ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹಾಳೆ ಕೊಟ್ಟು, ಚೆನ್ನಾಗಿ ಬರಿ ಅಂತ ಹೇಳಿ ಕಳಿಸಿದೆ. ಆಮೇಲೆ ರಿಟರ್ನ್ ತುಂಬಲು ಮನಸ್ಸು ಬರಲಿಲ್ಲ. ಅವನ ಫೋನಿಗೆ ನನ್ನ ಪ್ರಿಂಟರ್ ಕಾಣುತ್ತೆ ಅಂದರೆ, ನನ್ನ ಫೋಲ್ಡರ್ ಯಾಕೆ ಕಾಣಬಾರದು?

ಅಲ್ಲಿಯವರೆಗೆ ಪಾಸ್‌ವರ್ಡ್ ಕೊಟ್ಟರೆ ನೆಟ್ ಕೊಟ್ಟಂತೆ ಅಂತಲೇ ಎಲ್ಲರ ತಿಳುವಳಿಕೆ. ಅಷ್ಟೇ ಅಲ್ಲ. ಒಂದೇ ವೈಫೈ ಸೇರಿದ ಫೋನು, ಕಂಪ್ಯೂಟರು, ಪ್ರಿಂಟರು, ಟಿವಿ, ಕ್ಯಾಮೆರಾ ಎಲ್ಲ ಒಂದೇ ಜಾಲದೊಳಗೆ ಇರುತ್ತವೆ. ಸುಮ್ನೆ ಬಿಟ್ಟರೆ ಒಂದಕ್ಕೊಂದು ಕಾಣುತ್ತವೆ, ಮಾತಾಡುತ್ತವೆ. ಮನೆಯೊಳಗಿನವರಿಗೆ ಅದು ಅನುಕೂಲವೇ. ಇಲ್ಲಿ ಓಣಿಯೇ ಮನೆಯೊಳಗೆ ಬಂದು ಕೂತಿತ್ತು.

ರೂಟರಿನೊಳಗೆ ಹೋಗುವುದೇ ಮೊದಲ ತಲೆನೋವು. ನಮ್ಮಲ್ಲಿ ಬೇರೆ ರೂಟರ್ ಇಲ್ಲ. ಫೈಬರ್ ತಂತಿ ಬಂದು ಸೇರುವ ಬಿಳಿ ಡಬ್ಬಿಯೇ ವೈಫೈಯನ್ನೂ ಕೊಡುತ್ತದೆ. ಅದು ಕೆಳಗೆ ಕಟಿಂಗ್ ಟೇಬಲ್ಲಿನ ಮೇಲ್ಗಡೆ ಗೋಡೆಗೆ ನೇತು ಬಿದ್ದಿತ್ತು, ಮೈತುಂಬ ನೀಲಿ ನೂಲಿನ ಧೂಳು. ಬಿಚ್ಚಿ ತಿರುಗಿಸಿದರೆ ಬೆನ್ನಿಗೆ ಒಂದು ಸ್ಟಿಕರ್. ಅದರಲ್ಲಿ 192.168.1.1 ಅಂತ ವಿಳಾಸ, ಕೆಳಗೆ ಯೂಸರ್ ಹೆಸರು, ಪಾಸ್‌ವರ್ಡ್. ಕೆಲವು ಡಬ್ಬಿಗಳಲ್ಲಿ ಈ ವಿಳಾಸ 192.168.0.1 ಇರುತ್ತದೆ. ಸ್ಟಿಕರ್ ಇಲ್ಲದಿದ್ದರೆ ಫೋನಿನ ವೈಫೈ ಸೆಟ್ಟಿಂಗಿನಲ್ಲಿ ಗೇಟ್‌ವೇ ಅಂತ ಇರುವ ಜಾಗದಲ್ಲಿ ಸಿಗುತ್ತದೆ. ಬ್ರೌಸರಿನಲ್ಲಿ ಅದನ್ನು ಹೊಡೆದರೆ ಡಬ್ಬಿಯ ಸ್ವಂತ ಪುಟ ತೆರೆಯುತ್ತದೆ.

ತೆರೆಯಿತು. ಆದರೆ ಒಳಗೆ ಹೆಚ್ಚೇನೂ ಇರಲಿಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಬದಲಿಸುವ ಜಾಗ ಬಿಟ್ಟರೆ ಉಳಿದದ್ದೆಲ್ಲ ಬೂದು ಬಣ್ಣ, ಒತ್ತಿದರೂ ಅಲ್ಲಾಡುವುದಿಲ್ಲ. ಇಂಥ ಡಬ್ಬಿಗಳಲ್ಲಿ ಎರಡು ದರ್ಜೆಯ ಲಾಗಿನ್ ಇರುತ್ತವೆ. ಸ್ಟಿಕರಿನಲ್ಲಿರುವುದು ಮನೆಯವರಿಗೆ. ಪೂರ್ತಿ ಅಧಿಕಾರದ ಲಾಗಿನ್ ಕನೆಕ್ಷನ್ ಕೊಟ್ಟವರ ಹತ್ತಿರ. ತಿಂಗಳು ತಿಂಗಳು ದುಡ್ಡು ಕಟ್ಟುವವರು ನಾವು, ಡಬ್ಬಿ ಮಾತ್ರ ಅವರ ಕೈಯಲ್ಲಿ.

ಫೈಬರ್ ಹುಡುಗನಿಗೆ ಫೋನ್ ಮಾಡಿದೆ.

“ಅದು ಆಫೀಸಿನೋರಿಗೆ ಮಾತ್ರ ಅಕ್ಕಾ. ನಿಮಗ್ಯಾಕ ಬೇಕು? ಸ್ಪೀಡ್ ಬರ್ತಿಲ್ಲಾ?”

“ಸ್ಪೀಡ್ ಬರ್ತೈತೆ ತಮ್ಮಾ. ಗೆಸ್ಟ್ ನೆಟ್‌ವರ್ಕ್, ಅಂದ್ರೆ ಬಂದೋರಿಗೆ ಅಂತ ಬೇರೆ ವೈಫೈ ಮಾಡ್ಕೋಬೇಕು. ನೀನೇ ಬಂದು ಲಾಗಿನ್ ಮಾಡಿಕೊಡು.”

ಅವನು ಬಂದ. ಕಾಯಿಸಿದ್ದು ಬಹಳ, ಅದು ಬೇರೆ ಮಾತು. ಒಗ್ಗರಣೆ, ಮಿರ್ಚಿ ತಿಂದು, ಚಾ ಕುಡಿದು ಲಾಗಿನ್ ಹೊಡೆದ. ನೋಡುತ್ತಿದ್ದೆ. ಕನೆಕ್ಷನ್ ಕೊಟ್ಟವರ ಹೆಸರು, ಮುಂದೆ 123.

“ಇದು ನಮ್ಮ ಮನೆಗೆ ಅಷ್ಟೇನಾ?”

“ಇಲ್ಲಕ್ಕಾ, ಎಲ್ಲಾ ಕಡೀಗೂ ಒಂದೇ. ಇಲ್ಲಾಂದ್ರೆ ನಾವ್ ಎಷ್ಟಂತ ನೆನಪಿಟ್ಕೊಳ್ಳೋದು?”

ಅವನ ಕಷ್ಟ ಅವನಿಗೆ. ಆದರೆ ಇದು ಸಣ್ಣ ವಿಷಯ ಅಲ್ಲ. 2016ರಲ್ಲಿ ಮಿರಾಯ್ ಅನ್ನೋ ಕುತಂತ್ರಾಂಶ ಲೋಕದ ತುಂಬ ಹರಡಿತ್ತು. ಅದರ ಹತ್ತಿರ ದೊಡ್ಡ ವಿದ್ಯೆಯೇನೂ ಇರಲಿಲ್ಲ. ಕಾರ್ಖಾನೆಯಿಂದಲೇ ಬರುವ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ. ಸಿಕ್ಕ ಸಿಕ್ಕ ಕ್ಯಾಮೆರಾ, ರೂಟರುಗಳ ಬಾಗಿಲಿಗೆ ಹೋಗಿ ಆ ಪಟ್ಟಿಯನ್ನು ಒಂದೊಂದಾಗಿ ಹಚ್ಚಿ ನೋಡುತ್ತಿತ್ತು. ತೆರೆದುಕೊಂಡವು ಲಕ್ಷಗಟ್ಟಲೆ. ಅವನ್ನೆಲ್ಲ ಒಟ್ಟಿಗೆ ಛೂ ಬಿಟ್ಟು, ಆ ವರ್ಷದ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ತಾಸುಗಟ್ಟಲೆ ಪರದಾಡುವಂತೆ ಮಾಡಿದರು. ಕ್ಯಾಮೆರಾ, ರೂಟರುಗಳ ಮಾಲೀಕರಿಗೆ ಸುದ್ದಿಯೇ ಇಲ್ಲ.

ಆ ಅಡ್ಮಿನ್ ಪಾಸ್‌ವರ್ಡನ್ನು ಮೊದಲು ಬದಲಿಸಿದೆ. ಹುಡುಗನ ಮುಖ ಸಣ್ಣದಾಯಿತು. “ನಾಳೆ ಕಂಪ್ಲೇಂಟ್ ಬಂದ್ರೆ ನಾ ಹೆಂಗ ಒಳಗ ಹೋಗ್ಲಿ?” ಮನೆಗೆ ಬಾ, ನಾನೇ ಹೊಡೆದು ಕೊಡುತ್ತೇನೆ ಅಂದೆ. ಆಫೀಸಿನವರು ದೂರದಿಂದಲೇ ಡಬ್ಬಿ ನೋಡಿಕೊಳ್ಳಲು ಟಿಆರ್-069 ಅನ್ನೋ ಬೇರೆ ದಾರಿ ಇರುತ್ತದೆ. ಅದನ್ನು ಮುಟ್ಟಲಿಲ್ಲ. ಅದನ್ನು ಮುಚ್ಚಿದರೆ ಲೈನ್ ಕೆಟ್ಟಾಗ ನಮ್ಮನ್ನು ಯಾರೂ ಕೇಳುವುದಿಲ್ಲ. ಆದರೆ ಹೊರಗಿನ ಇಂಟರ್ನೆಟ್ಟಿನಿಂದ ಈ ಪುಟ ತೆರೆಯಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಅನ್ನೋ ಟಿಕ್ ಬೇರೆ ಇತ್ತು. ಅದನ್ನು ತೆಗೆದೆ. ಡಿಎನ್‌ಎಸ್ ಜಾಗವನ್ನೂ ನೋಡಿದೆ. ಯಾವ ವೆಬ್ ಹೆಸರು ಯಾವ ವಿಳಾಸಕ್ಕೆ ಹೋಗಬೇಕು ಅಂತ ಹೇಳುವುದು ಡಿಎನ್‌ಎಸ್. ಬ್ರೆಜಿಲ್‌ನಲ್ಲಿ 2011ರ ಸುಮಾರಿಗೆ ಮನೆಗಳ ಮೋಡೆಮ್ಮಿಗೆ ನುಗ್ಗಿ ಇದೊಂದನ್ನೇ ಬದಲಿಸಿದ್ದರು. ಸುಮಾರು 45 ಲಕ್ಷ ಮೋಡೆಮ್. ಬ್ಯಾಂಕಿನ ಹೆಸರು ಸರಿಯಾಗಿ ಹೊಡೆದರೂ ತೆರೆಯುತ್ತಿದ್ದದ್ದು ಕಳ್ಳರ ಪುಟ. ಬ್ಯಾಂಕಿನ ಕೆಲಸ ಇಡೀ ದಿನ ಮಾಡುವ ನನ್ನಂಥವರಿಗೆ ಇದು ಎದೆ ನಡುಗಿಸುವ ವಿಷಯ. ನಮ್ಮದರಲ್ಲಿ ಆಫೀಸಿನವರು ಕೊಟ್ಟದ್ದೇ ಇತ್ತು, ಸದ್ಯ.

ಈಗ ಯಾರ್ಯಾರು ಸೇರಿದ್ದಾರೆ ಅನ್ನುವ ಪಟ್ಟಿ. ಅದನ್ನು ನೋಡುವ ಕುತೂಹಲ ಮೊದಲಿಂದ ಇತ್ತು. ನೋಡಿದರೆ ತಲೆ ಕೆಟ್ಟಿತು. ಸಾಲು ಸಾಲು ಹೆಸರು, ಅರ್ಧಕ್ಕೆ ಹೆಸರೇ ಇಲ್ಲ. ವೈಫೈ ಸೇರುವ ಒಂದೊಂದು ಸಾಮಾನಿಗೂ ಮ್ಯಾಕ್ ಅಡ್ರೆಸ್ ಅನ್ನೋ ಗುರುತಿನ ನಂಬರ್ ಇರುತ್ತದೆ. ಈಗಿನ ಫೋನುಗಳು ತಮ್ಮ ನಿಜವಾದ ನಂಬರ್ ಕೊಡುವುದಿಲ್ಲ, ಸುಳ್ಳು ನಂಬರ್ ಕಟ್ಟಿಕೊಂಡು ಬರುತ್ತವೆ. ಆಂಡ್ರಾಯ್ಡ್ 10ರಿಂದ, ಐಫೋನಿನಲ್ಲಿ ಐಓಎಸ್ 14ರಿಂದ ಇದು ಬಂದಿದೆ. ಹೊರಗೆ ಹೋದಾಗ ನಮ್ಮ ಜಾಡು ಹಿಡಿಯದಿರಲಿ ಅಂತ ಮಾಡಿದ್ದು, ಒಳ್ಳೆಯದೇ. ಇಲ್ಲಿ ಮಾತ್ರ ಯಾರದು ಯಾವುದು ಅಂತ ಗೊತ್ತಾಗುವುದಿಲ್ಲ.

ಕೊನೆಗೆ ಹಿಂದಿನಿಂದ ಬಂದೆ. ನಮ್ಮ ಮನೆಯ ಒಂದೊಂದೇ ಸಾಮಾನಿನ ವೈಫೈ ಆರಿಸುತ್ತಾ ಹೋದೆ, ಪಟ್ಟಿಯಿಂದ ಏನು ಅಳಿಯುತ್ತೆ ನೋಡುತ್ತಾ ಹೋದೆ. ಅತ್ತೆಯ ಫೋನ್, ಮಕ್ಕಳ ಟ್ಯಾಬ್, ಟಿವಿ, ಪ್ರಿಂಟರ್, ಕೆಳಗಿನ ಕ್ಯಾಮೆರಾ. ಎಲ್ಲ ಆರಿಸಿದ ಮೇಲೂ ಪಟ್ಟಿ ಖಾಲಿ ಆಗಲಿಲ್ಲ. ಯಾರದೋ ಮನೆಯ ಟಿವಿ ಒಂದು, ಫೋನುಗಳು ಹಲವು. ಇಎಸ್‌ಪಿ ಅಂತ ಶುರುವಾಗಿ ಮುಂದೆ ಅಂಕಿಗಳಿದ್ದ ಒಂದು ಹೆಸರಂತೂ ಹೆದರಿಸಿಯೇ ಬಿಟ್ಟಿತು. ಯಾರೋ ಒಳಗೆ ಕೂತಿದ್ದಾರೆ ಅಂತಲೇ ಅಂದುಕೊಂಡೆ. ಆಮೇಲೆ ನೋಡಿದರೆ ಅದು ಮೈದುನ ನೀರಿನ ಮೋಟಾರಿಗೆ ಹಾಕಿದ್ದ ಸ್ಮಾರ್ಟ್ ಸ್ವಿಚ್. ಅಂಥ ಅಗ್ಗದ ಸ್ವಿಚ್ಚು, ಬಲ್ಬುಗಳಲ್ಲಿ ಇಎಸ್‌ಪಿ ಅನ್ನೋ ಚಿಪ್ ಇರುತ್ತದೆ, ಅದೇ ತನ್ನ ಹೆಸರು ಹೇಳಿಕೊಂಡಿತ್ತು.

ಮುಂದೆ ವೈಫೈ ಸೆಕ್ಯುರಿಟಿ. ನಮ್ಮದು ಡಬ್ಲ್ಯೂಪಿಎ ಮತ್ತು ಡಬ್ಲ್ಯೂಪಿಎ2 ಎರಡೂ ಬೆರೆಸಿದ ಆಯ್ಕೆಯಲ್ಲಿತ್ತು, ಜೊತೆಗೆ ಟಿಕೆಐಪಿ ಅನ್ನೋ ಹಳೇ ಪದ್ಧತಿ. ಇದರ ಹಿಂದಿನ ಕಥೆ ಇಷ್ಟು. ವೈಫೈ ಬಂದಾಗ, 1997ರಲ್ಲಿ, ಡಬ್ಲ್ಯೂಇಪಿ ಅನ್ನೋ ಬೀಗ ಇತ್ತು. 2001ರ ಹೊತ್ತಿಗೆ ಅದು ಒಡೆಯಿತು. ಹಳೇ ಸಾಮಾನುಗಳನ್ನೇ ಹೇಗೋ ನಡೆಸಿಕೊಂಡು ಹೋಗಲಿ ಅಂತ 2003ರಲ್ಲಿ ತೇಪೆ ಹಾಕಿದ್ದು ಡಬ್ಲ್ಯೂಪಿಎ, ಅದರೊಳಗಿನದೇ ಟಿಕೆಐಪಿ. 2004ರಲ್ಲಿ ಗಟ್ಟಿಯಾದ ಡಬ್ಲ್ಯೂಪಿಎ2 ಬಂತು, ಎಇಎಸ್ ಅನ್ನೋ ಗಟ್ಟಿ ಗೂಢಲಿಪಿ ಪದ್ಧತಿ ಜೊತೆ. 2018ರಲ್ಲಿ ಡಬ್ಲ್ಯೂಪಿಎ3. ತೇಪೆ ಹಾಕಿದ್ದನ್ನು ಇಷ್ಟು ವರ್ಷ ಆದ ಮೇಲೂ ಯಾಕೆ ಹೊತ್ತುಕೊಂಡಿದ್ದಾರೋ, ಆ ದೇವರಿಗೇ ಗೊತ್ತು.

ಡಬ್ಬಿಯಲ್ಲಿ ಡಬ್ಲ್ಯೂಪಿಎ2, ಡಬ್ಲ್ಯೂಪಿಎ3 ಬೆರೆಸಿದ ಆಯ್ಕೆಯೂ ಇತ್ತು. ಅದನ್ನೇ ಹಾಕಿದೆ. ಫೋನುಗಳು ಸೇರಿದವು. ಕೆಳಗಿನ ಕ್ಯಾಮೆರಾ ಮತ್ತು ಮೋಟಾರ್ ಸ್ವಿಚ್ ಜಪ್ಪಯ್ಯ ಅಂದರೂ ಸೇರಲಿಲ್ಲ. ವೈಫೈ 2.4 ಮತ್ತು 5 ಗಿಗಾಹರ್ಟ್ಸ್ ಅನ್ನೋ ಎರಡು ರೇಡಿಯೋ ಪಟ್ಟಿಗಳಲ್ಲಿ ಬರುತ್ತದೆ. ಇವೆರಡೂ 2.4 ಮಾತ್ರ ಬಲ್ಲವು, ಹೊಸ ಪದ್ಧತಿ ಕಂಡರೆ ಕಕ್ಕಾಬಿಕ್ಕಿ ಆಗುತ್ತವೆ. ಕೊನೆಗೆ 5 ಗಿಗಾಹರ್ಟ್ಸ್‌ಗೆ ಬೆರೆಸಿದ್ದು, 2.4ಕ್ಕೆ ಬರೀ ಡಬ್ಲ್ಯೂಪಿಎ2 ಎಇಎಸ್ ಅಂತ ಇಟ್ಟೆ. ಟಿಕೆಐಪಿ ಎಲ್ಲೂ ಇಲ್ಲ. ಎಲ್ಲರ ಮನೆಗೂ ಇದೇ ಸರಿ ಅನ್ನಲಾರೆ. ಹಳೇ ಸಾಮಾನು ಇಲ್ಲದವರು ಪೂರ್ತಿ ಡಬ್ಲ್ಯೂಪಿಎ3ಗೇ ಹೋಗಬಹುದು.

ಡಬ್ಲ್ಯೂಪಿಎಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೆಸರು ಒಂದೇ ಥರ ಇರುವುದರಿಂದ ಜನ ಇದನ್ನೂ ಭದ್ರತೆ ಅಂದುಕೊಳ್ಳುತ್ತಾರೆ. ಇದು ಪಾಸ್‌ವರ್ಡ್ ಹೊಡೆಯದೇ ಸಾಮಾನು ಸೇರಿಸುವ ಅಡ್ಡದಾರಿ. ಡಬ್ಬಿಯ ಮೇಲೆ ಗುಂಡಿ ಇರುತ್ತದೆ, ಒತ್ತಿದರೆ ಎರಡು ನಿಮಿಷ ಬಾಗಿಲು ತೆರೆದಿರುತ್ತದೆ. ಇನ್ನೊಂದು ದಾರಿ ಎಂಟು ಅಂಕಿಯ ಪಿನ್. ಎಂಟು ಅಂಕಿ ಅಂದರೆ ಹತ್ತು ಕೋಟಿ ಸಾಧ್ಯತೆ, ಯಾರು ಹಚ್ಚಿ ನೋಡುತ್ತಾರೆ ಅನ್ನಿಸುತ್ತೆ. ಆದರೆ ಕೊನೆಯ ಅಂಕಿ ಮೊದಲ ಏಳರಿಂದ ಲೆಕ್ಕ ಹಾಕಿ ಬರುವಂಥದ್ದು. ಉಳಿದ ಏಳನ್ನು ರೂಟರ್ ಒಟ್ಟಿಗೆ ನೋಡುವುದಿಲ್ಲ. ಮೊದಲ ನಾಲ್ಕು ಸರಿಯೋ ತಪ್ಪೋ ಅಂತ ಬೇರೆಯಾಗಿ ಹೇಳುತ್ತದೆ, ಆಮೇಲೆ ಉಳಿದ ಮೂರು. ಹಾಗಾಗಿ 10,000 ಮತ್ತು 1,000, ಒಟ್ಟು 11,000 ಸಲ ಹಚ್ಚಿದರೆ ಮುಗಿಯಿತು. 2011ರ ಡಿಸೆಂಬರಿನಲ್ಲಿ ಸ್ಟೆಫಾನ್ ವಿಯೆಬಾಕ್ ಅನ್ನೋ ಸಂಶೋಧಕ ಇದನ್ನು ಬಯಲಿಗೆ ತಂದ. ಪಿನ್ ಸಿಕ್ಕರೆ ನಮ್ಮ ಪಾಸ್‌ವರ್ಡ್ ಎಷ್ಟೇ ಉದ್ದ ಇರಲಿ, ರೂಟರೇ ಅದನ್ನು ಕೈಗೆ ಕೊಡುತ್ತದೆ. ಇಷ್ಟು ಗೊತ್ತಾದ ಮೇಲೂ ನಮ್ಮ ಡಬ್ಬಿಯಲ್ಲಿ ಅದು ಆನ್ ಇತ್ತು. ಆರಿಸಿದೆ. ಹುಡುಗ ಮಾತ್ರ, ಟಿವಿ ಸೇರಿಸೋಕೆ ಅದೇ ಸಲೀಸು ಅಕ್ಕಾ ಅಂತ ರಾಗ ಎಳೆದ.

ಪಾಸ್‌ವರ್ಡಿನ ವಿಷಯಕ್ಕೆ ಮನೆಯಲ್ಲಿ ಸಣ್ಣ ಪಂಚಾಯಿತಿಯೇ ಆಯಿತು. ಮೊಬೈಲ್ ನಂಬರ್ ಬೇಡ ಅಂದರೆ ಮಾವನವರಿಗೆ ಅರ್ಥ ಆಗಲಿಲ್ಲ. ಹತ್ತು ಅಂಕಿ ಕಮ್ಮಿಯೇನು ಅಂದರು. ಲೆಕ್ಕ ಹಾಕಿ ತೋರಿಸಿದೆ. ನಮ್ಮ ದೇಶದ ಮೊಬೈಲ್ ನಂಬರು 6, 7, 8, 9ರಿಂದಲೇ ಶುರು ಆಗುತ್ತವೆ. ಅಂದರೆ 400 ಕೋಟಿ ಸಾಧ್ಯತೆ. ಯಾವುದಾದರೂ ಫೋನ್ ನಮ್ಮ ವೈಫೈ ಸೇರುವ ಕ್ಷಣದಲ್ಲಿ ಗಾಳಿಯಲ್ಲಿ ಹೋಗುವ ನಾಲ್ಕು ಮಾತುಗಳನ್ನು ಹಿಡಿದಿಟ್ಟುಕೊಂಡರೆ, ಆಮೇಲೆ ಮನೆಗೆ ಹೋಗಿ ನಿಧಾನಕ್ಕೆ ಹಚ್ಚಿ ನೋಡಬಹುದು. ಗೇಮ್ ಆಡುವವರ ಕಂಪ್ಯೂಟರಿನ ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನಾಲ್ಕು ಲಕ್ಷದಷ್ಟು ಹಚ್ಚುತ್ತದೆ, ಹೊಸವು ಇನ್ನೂ ಜಾಸ್ತಿ. 400 ಕೋಟಿಗೆ 10,000 ಸೆಕೆಂಡು. ಮೂರು ತಾಸೂ ಬೇಡ. ನಮ್ಮ ಓಣಿಯಲ್ಲಿ ಅದೂ ಬೇಡ, ತಲೆ ಎತ್ತಿ ಬೋರ್ಡು ನೋಡಿದರೆ ಸಾಕು.

“ಹಂಗಾರೆ ಬೋರ್ಡು ಬದಲಿ ಮಾಡ್ಸೋದಾ?” ಅಂದರು ಮಾವ. ನಗೆ ತಡೆಯಲಾಗಲಿಲ್ಲ.

ಡಬ್ಲ್ಯೂಪಿಎ2 ಪಾಸ್‌ವರ್ಡ್ 8 ಅಕ್ಷರದಿಂದ 63 ಅಕ್ಷರದವರೆಗೆ ಇರಬಹುದು. ಈ ಜಾಗವನ್ನು ಬಳಸಿಕೊಳ್ಳಬೇಕು. ಚಿಕ್ಕದಾಗಿ ಡಾಲರ್ ಗುರುತು, ಆಶ್ಚರ್ಯಸೂಚಕ ಎಲ್ಲ ತುರುಕುವುದಕ್ಕಿಂತ, ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದ ಜೋಡಿಸಿ ಉದ್ದ ಮಾಡುವುದು ವಾಸಿ. ಬಾಬಿನ್, ಹುಣಸೆ, ಕೊಡೆ, ಸೋಮವಾರ, ಹೀಗೆ. ಇದನ್ನೇ ಇಟ್ಟಿಲ್ಲ ಬಿಡಿ. ಗಾದೆ, ವಚನದ ಸಾಲು, ಸಿನಿಮಾ ಹಾಡು ಬೇಡ, ಅವೆಲ್ಲ ಹಚ್ಚಿ ನೋಡುವವರ ಪಟ್ಟಿಯಲ್ಲೂ ಇರಬಹುದು. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ಅದಕ್ಕೆ ಕಾಗದದಲ್ಲಿ ಬಿಡಿಸಿ ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ. ಪಾಸ್‌ವರ್ಡ್ ಬರೆದಿಡಬಾರದು ಅನ್ನುತ್ತಾರೆ. ನನ್ನ ಬೀರುವಿಗೆ ಕೈ ಹಾಕುವ ಮಟ್ಟಕ್ಕೆ ಬಂದವನಿಗೆ ವೈಫೈ ಯಾಕೆ ಬೇಕು? ಇನ್ನೊಂದು ವಿಷಯ, ದೊಡ್ಡಕ್ಷರ ಬೇಡ. ಟಿವಿ ರಿಮೋಟಿನಲ್ಲಿ ಒಂದೊಂದೇ ಅಕ್ಷರಕ್ಕೆ ಬಾಣ ಒತ್ತುತ್ತಾ ಹೋಗುವ ಗೋಳು ಅನುಭವಿಸಿದವರಿಗೇ ಗೊತ್ತು.

ವೈಫೈ ಹೆಸರನ್ನೂ ಬದಲಿಸಿದೆ. ಹೆಸರು ಮತ್ತು ಪಾಸ್‌ವರ್ಡ್ ಎರಡನ್ನೂ ಸೇರಿಸಿ 4,096 ಸಲ ಅರೆದು ಅಸಲಿ ಕೀಲಿ ತಯಾರಾಗುತ್ತದೆ. ಹಾಗಾಗಿ ಎಲ್ಲರ ಮನೆಯಲ್ಲೂ ಇರುವ ಕಂಪನಿ ಹೆಸರುಗಳಿಗೆ ಕಳ್ಳರು ಮುಂಚೆಯೇ ಲೆಕ್ಕ ಹಾಕಿಟ್ಟುಕೊಂಡಿರುತ್ತಾರೆ. ಯಾರ ಮನೆ, ಎಷ್ಟನೇ ಮಹಡಿ ಅಂತ ಹೇಳದ ಒಂದು ಹೆಸರು ಸಾಕು. ಆದರೆ ಮಾವನವರು ಮುಖ ಊದಿಸಿಕೊಂಡರು. “ನನ್ನ ಹೆಸರು ಯಾಕ ತೆಗ್ದಿ?” ಅದಕ್ಕೂ ಒಂದು ದಾರಿ ಸಿಕ್ಕಿತು, ಗೆಸ್ಟ್ ನೆಟ್‌ವರ್ಕ್.

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ನಮ್ಮಂಥ ಊರುಗಳಲ್ಲಿ ಗಟ್ಟಿ ಪಾಸ್‌ವರ್ಡ್ ಇಡುವುದು ದೊಡ್ಡ ಮಾತಲ್ಲ. ಅದನ್ನು ಕೇಳಿದವರಿಗೆ ಇಲ್ಲ ಅನ್ನುವುದು ದೊಡ್ಡ ಮಾತು. ಬೀಗರು ಬಂದು ಚಪ್ಪಲಿ ಬಿಡುವ ಮುಂಚೆ ಪಾಸ್‌ವರ್ಡ್ ಕೇಳುತ್ತಾರೆ. ಕೊಡದಿದ್ದರೆ ಮುಂದಿನ ಮದುವೆವರೆಗೂ ಆ ಮಾತು ಬರುತ್ತದೆ. ಹಾಗಿರುವಾಗ ಎಷ್ಟು ಉದ್ದದ ಪಾಸ್‌ವರ್ಡ್ ಇಟ್ಟರೇನು, ಆರು ತಿಂಗಳಿಗೆ ಮತ್ತೆ ಓಣಿಗೆಲ್ಲ ಗೊತ್ತಾಗುತ್ತದೆ. ಗೆಸ್ಟ್ ನೆಟ್‌ವರ್ಕ್ ಅಂದರೆ ಅದೇ ಡಬ್ಬಿಯಿಂದ ಇನ್ನೊಂದು ವೈಫೈ. ಹೆಸರು ಬೇರೆ, ಪಾಸ್‌ವರ್ಡ್ ಬೇರೆ. ನೆಟ್ ಸಿಗುತ್ತದೆ, ಮನೆಯೊಳಗಿನ ಸಾಮಾನು ಕಾಣುವುದಿಲ್ಲ. ಬಂದವರನ್ನು ಪಡಸಾಲೆಯಲ್ಲಿ ಕೂಡಿಸಿ ಚಾ ಕೊಟ್ಟಂತೆ.

ಆದರೆ ನಮ್ಮ ಡಬ್ಬಿಯಲ್ಲಿ ಗೆಸ್ಟ್ ಅಂತ ಹೆಸರಿಟ್ಟು ಏನೂ ಇರಲಿಲ್ಲ. ಎಸ್‌ಎಸ್‌ಐಡಿ (ಅಂದರೆ ವೈಫೈ ಹೆಸರು) 1ರಿಂದ 4ರವರೆಗೆ ಸಾಲು ಇತ್ತು, ಎರಡನೆಯದನ್ನು ಆನ್ ಮಾಡಿದೆ. ಮಾವನವರ ಹೆಸರನ್ನು ಅದಕ್ಕೆ ಇಟ್ಟೆ. ಅವರಿಗೂ ಖುಷಿ. ನನ್ನ ಫೋನನ್ನು ಅದಕ್ಕೆ ಸೇರಿಸಿ, ಯಾವುದೋ ಫೋಟೋ ತೆಗೆದು ಪ್ರಿಂಟ್ ಒತ್ತಿದೆ. ಮೇಲಿನ ಪ್ರಿಂಟರ್ ಅಲ್ಲೇ ಕಂಡಿತು! ಹೆಸರು ಬೇರೆ ಆದರೂ ಒಳಗೆ ಎರಡೂ ಒಂದೇ ಜಾಲ. ಹುಡುಕಿದಾಗ ಅಡ್ವಾನ್ಸ್ಡ್ ಅನ್ನುವ ಜಾಗದಲ್ಲಿ ಐಸೋಲೇಷನ್, ಅಂದರೆ ಬೇರೆ ಬೇರೆ ಇಡುವುದು, ಅಂತ ಒಂದು ಚೌಕ ಸಿಕ್ಕಿತು. ಅದಕ್ಕೆ ಟಿಕ್ ಹಾಕಿ, ಸೇವ್ ಒತ್ತಿ, ಡಬ್ಬಿ ಆರಿಸಿ ಹಚ್ಚಿದ ಮೇಲೆ ಪ್ರಿಂಟರ್ ಮಾಯ. ಕೆಳಗಿನ ಕ್ಯಾಮೆರಾ, ಶೇರ್ ಮಾಡಿದ್ದ ಫೋಲ್ಡರ್ ಕೂಡ ಮಾಯ. 192.168.1.1 ಪುಟ ಮಾತ್ರ ಇನ್ನೂ ತೆರೆಯುತ್ತಿತ್ತು. ಅಡ್ಮಿನ್ ಪಾಸ್‌ವರ್ಡ್ ಬದಲಾಗಿದೆ, ಇರಲಿ ಅಂದೆ. ಗೆಸ್ಟ್ ಆನ್ ಮಾಡಿದವರು ಹೀಗೆ ಒಂದು ಸಲ ಹೊರಗಿನವರ ಥರ ಒಳಗೆ ಇಣುಕಿ ನೋಡಲೇಬೇಕು. ಟಿಕ್ ಕಾಣಿಸಿದ ಮಾತ್ರಕ್ಕೆ ಕೆಲಸ ಆಗಿದೆ ಅಂತಲ್ಲ.

ಪಕ್ಕದ ಅಜ್ಜಿಗೆ, ಸಿಇಟಿ ಹುಡುಗನಿಗೆ, ಹೊಲಿಯುವವರಿಗೆಲ್ಲ ಈಗ ಗೆಸ್ಟ್. ಅಜ್ಜಿಗೆ ನಾನೇ ಹೋಗಿ ಫೋನಿಗೆ ಹಾಕಿಕೊಟ್ಟೆ. “ನಿಮ್ಮ ನೆಟ್ಟು ಕೆಟ್ಟೋತಂತಲ್ಲಮ್ಮಾ” ಅಂತ ಆಗಲೇ ಬೇಜಾರು ಮಾಡಿಕೊಂಡಿದ್ದರು. ಹುಡುಗನಿಗೆ ಪ್ರಿಂಟ್ ಬೇಕಾದರೆ ವಾಟ್ಸಾಪ್ ಮಾಡು, ನಾನು ತೆಗೆದುಕೊಡುತ್ತೇನೆ ಅಂದಿದ್ದೇನೆ. ಗೆಸ್ಟ್ ಪಾಸ್‌ವರ್ಡನ್ನು ಹಬ್ಬಕ್ಕೊಮ್ಮೆ ಬದಲಿಸುತ್ತೇನೆ, ಬೇಕಾದವರು ಬಂದು ಕೇಳುತ್ತಾರೆ. ಯಾರದೋ ಮನೆಯ ಟಿವಿ ಅಂದೆನಲ್ಲ, ಅವರು ಇವತ್ತಿನವರೆಗೂ ಕೇಳಲು ಬಂದಿಲ್ಲ. ಯಾರು ಅಂತ ಗುಮಾನಿ ಇದೆ. ನಾನೂ ಕೇಳಲು ಹೋಗಿಲ್ಲ.

ಬೋರ್ಡಿನ ಪಕ್ಕದಲ್ಲೇ ಗೆಸ್ಟ್ ಪಾಸ್‌ವರ್ಡ್ ಅಂಟಿಸಿಬಿಡೋಣ, ಗಿರಾಕಿಗಳಿಗೆ ಅನುಕೂಲ ಅಂತ ಮೈದುನ ಅಂದ. ಅದಕ್ಕೆ ಮಾತ್ರ ಒಪ್ಪಲಿಲ್ಲ. ಗೆಸ್ಟ್ ಮನೆಯೊಳಗಿನ ಸಾಮಾನು ಕಾಯುತ್ತದೆ, ಹೊರಗಿನ ಲೆಕ್ಕಕ್ಕೆ ಎರಡೂ ಮಾವನವರ ಕನೆಕ್ಷನ್ನೇ, ಒಂದೇ ಐಪಿ ವಿಳಾಸ. ಐಪಿ ಅಂದರೆ ಇಂಟರ್ನೆಟ್ಟಿನಲ್ಲಿ ಕನೆಕ್ಷನ್ನಿನ ಮನೆ ನಂಬರ್ ಇದ್ದಂತೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟ ಆಯಿತು. ಅದಕ್ಕೆ ಸ್ವಲ್ಪ ಮೊದಲು ಮಾಧ್ಯಮದವರಿಗೆ ಒಂದು ಇಮೇಲ್ ಬಂದಿತ್ತು. ಐಪಿ ಹಿಡಿದು ಪೊಲೀಸರು ಹೋದದ್ದು ನವಿ ಮುಂಬೈಯಲ್ಲಿದ್ದ ಒಬ್ಬ ಅಮೆರಿಕನ್ ಮನೆಗೆ. ಅವನ ವೈಫೈಗೆ ಬೀಗ ಇರಲಿಲ್ಲ, ಬೇರೆ ಯಾರೋ ಅದನ್ನು ಹಿಡಿದು ಇಮೇಲ್ ಕಳಿಸಿದ್ದರು. ತಾನಲ್ಲ ಅಂತ ಸಾಬೀತಾಗುವ ಹೊತ್ತಿಗೆ ಅವನಿಗೆ ಸಾಕುಬೇಕಾಗಿತ್ತು. ಈ ಸಂಗತಿ ಹೇಳಿದ ಮೇಲೆ ಮಾವನವರೇ, ಗುರ್ತಿರೋರಿಗೆ ಬಿಟ್ಟು ಯಾರಿಗೂ ಕೊಡಬ್ಯಾಡ ಅಂದರು. ಅಲ್ಲಿಯವರೆಗೆ ನಾನು ಹೇಳಿದ ಗ್ರಾಫಿಕ್ಸ್ ಕಾರ್ಡಿನ ಲೆಕ್ಕ ಯಾವುದೂ ಅವರ ತಲೆಗೆ ಹೋಗಿರಲಿಲ್ಲ.

ವೈಫೈ ಹೆಸರು ಮರೆಮಾಡುವ ಆಯ್ಕೆ ಇದೆ, ಅದನ್ನು ಮಾಡಲಿಲ್ಲ. ಹುಡುಕುವವರಿಗೆ ಅದು ಹೇಗೂ ಸಿಗುತ್ತದೆ, ಮೇಲಾಗಿ ನಮ್ಮ ಫೋನುಗಳು ಹೋದಲ್ಲೆಲ್ಲ ಆ ಹೆಸರು ಕೂಗುತ್ತಾ ತಿರುಗುತ್ತವೆ. ಮ್ಯಾಕ್ ಫಿಲ್ಟರ್ ಕೂಡ ಬೇಡ ಅಂದುಕೊಂಡೆ. ಮ್ಯಾಕ್ ಅಡ್ರೆಸ್ ನಕಲು ಮಾಡುವುದು ಸುಲಭ, ಆ ಪಟ್ಟಿ ನೋಡಿಕೊಳ್ಳುವ ಕಷ್ಟ ಮಾತ್ರ ನಮಗೆ. ಯುಪಿಎನ್‌ಪಿ ಆರಿಸಿದೆ. ಅದು ಇದ್ದರೆ ಒಳಗಿನ ಯಾವ ಸಾಮಾನು ಬೇಕಾದರೂ ನಮ್ಮನ್ನು ಕೇಳದೇ ಹೊರಗಿನಿಂದ ದಾರಿ ತೆರೆದುಕೊಳ್ಳುತ್ತದೆ. ಮಗನ ಗೇಮಿಗೆ ಏನೋ ತೊಂದರೆ ಆಯಿತಂತೆ. ಆಗಲಿ.

ಫರ್ಮ್‌ವೇರ್, ಅಂದರೆ ಡಬ್ಬಿಯೊಳಗಿನ ಸಾಫ್ಟ್‌ವೇರ್, ಅದರ ಅಪ್‌ಡೇಟ್ ನಮ್ಮ ಕೈಯಲ್ಲಿ ಇಲ್ಲ, ಕನೆಕ್ಷನ್ ಕೊಟ್ಟವರೇ ಕಳಿಸಬೇಕು. ಕಳಿಸಿ ಅಂತ ಹೇಳಿದ್ದೇನೆ, ಮೇಲಿಂದ ಮೇಲೆ ಹೇಳುತ್ತಿರುತ್ತೇನೆ. 2017ರಲ್ಲಿ ಡಬ್ಲ್ಯೂಪಿಎ2ರಲ್ಲೇ ಕ್ರ್ಯಾಕ್ ಅನ್ನೋ ದೋಷ ಸಿಕ್ಕಾಗ ಅದನ್ನು ಮುಚ್ಚಿದ್ದು ಇಂಥ ಅಪ್‌ಡೇಟ್‌ಗಳೇ, ರೂಟರಿಗಿಂತ ಜಾಸ್ತಿ ಫೋನು, ಕಂಪ್ಯೂಟರುಗಳಲ್ಲಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಡಬ್ಬಿ ಸತ್ತೇ ಹೋಗಬಹುದು ಅಂತ ಅದನ್ನು ಇನ್ವರ್ಟರ್ ಲೈನಿಗೆ ಹಾಕಿಸಿದೆ. ನಮ್ಮೂರ ಬೇಸಿಗೆಯಲ್ಲಿ ಕರೆಂಟನ್ನು ನಂಬಿ ಕೂರುವಂತಿಲ್ಲ.

ಬದಲಿಸಿದ್ದೆಲ್ಲ ಮುಗಿದ ಮೇಲೆ ಮನೆಯ ಸಾಮಾನುಗಳನ್ನು ಮತ್ತೆ ಸೇರಿಸುವ ಕೆಲಸ. ಯುನಿಟ್ ರಜೆ ಇದ್ದ ದಿನ ಹಿಡಿದೆ, ಬಿಲ್ಲಿಂಗ್ ನಿಲ್ಲದಿರಲಿ ಅಂತ. ಫೋನುಗಳು ಸಲೀಸು. ಪ್ರಿಂಟರಿಗೆ ಪರದೆಯೇ ಇಲ್ಲ, ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದು, ದೀಪ ಮಿಣುಕುವುದನ್ನು ಕಾದು, ಫೋನಿನ ಆ್ಯಪ್‌ನಿಂದ ಹೇಳಿಕೊಡಬೇಕು. ಎಲ್ಲಕ್ಕಿಂತ ಸತಾಯಿಸಿದ್ದು ಕ್ಯಾಮೆರಾ. ಅದರ ಆ್ಯಪ್ ಫೋನಿನ ಪರದೆಯ ಮೇಲೆ ಒಂದು ಕ್ಯೂಆರ್ ತೋರಿಸುತ್ತದೆ, ಅದನ್ನು ಕ್ಯಾಮೆರಾ ಮುಂದೆ ಹಿಡಿಯಬೇಕು. ಕ್ಯಾಮೆರಾ ಇರುವುದು ಸೂರಿನ ಹತ್ತಿರ. ಮೈದುನ ಓವರ್‌ಲಾಕ್ ಮಷೀನಿನ ಪಕ್ಕ ಸ್ಟೂಲ್ ಹಾಕಿ ಹತ್ತಿ, ಫೋನನ್ನು ಮುಂದೆ ಹಿಂದೆ ಆಡಿಸುತ್ತಾ ನಿಂತ. ಫ್ಯಾನ್ ಬೇರೆ ಇಲ್ಲ, ಬೆವರು ಫೋನಿನ ಮೇಲೇ ಸುರಿಯುತ್ತಿತ್ತು. ಕೊನೆಗೂ ಟಿಣ್ ಅಂತು.

ಕ್ಯಾಮೆರಾ ಮತ್ತು ಮೋಟಾರ್ ಸ್ವಿಚ್ ಎರಡನ್ನೂ ಗೆಸ್ಟ್ ಕಡೆಗೆ ಹಾಕಿದ್ದೇವೆ. ಅವಕ್ಕೆ ಇಂಟರ್ನೆಟ್ ಸಾಕು, ನನ್ನ ಫೋಲ್ಡರ್ ಕಾಣಬೇಕಾಗಿಲ್ಲ. ಇದರಿಂದ ಒಂದು ಫಜೀತಿ ಇದೆ. ಹಬ್ಬಕ್ಕೊಮ್ಮೆ ಗೆಸ್ಟ್ ಪಾಸ್‌ವರ್ಡ್ ಬದಲಿಸಿದಾಗೆಲ್ಲ ಮೈದುನ ಮತ್ತೆ ಸ್ಟೂಲ್ ಹತ್ತಬೇಕು. ಅದಕ್ಕೆ ಅವೆರಡಕ್ಕೇ ಅಂತ ಮೂರನೇ ಎಸ್‌ಎಸ್‌ಐಡಿಯನ್ನು ಆನ್ ಮಾಡಬೇಕು ಅಂತ ಇದ್ದೇನೆ, ಆ ಪಾಸ್‌ವರ್ಡ್ ಯಾರಿಗೂ ಕೊಡುವುದಿಲ್ಲ. ಈ ಸಲದ 3ಬಿ ಮುಗಿಯಲಿ, ಆಮೇಲೆ ಕೂರುತ್ತೇನೆ.